ಮೆಕ್ಸಿಕೋದ ಟೋರ್ಟಾ, ಬುರಿಟೊ: ಹೀರುವ ಬ್ರೆಡ್ಡು, ಬಿಗಿಯುವ ರೊಟ್ಟಿ

2024ರ ಮೇ ತಿಂಗಳಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಫೋರ್ಟ್ ವೇನ್ ಊರಿನಲ್ಲಿ ನ್ಯಾಯಾಧೀಶ ಕ್ರೇಗ್ ಬೋಬೇ ಒಂದು ತೀರ್ಪು ಕೊಟ್ಟರು. ತೆಳು ರೊಟ್ಟಿಯಲ್ಲಿ ಹೂರಣ ಇಟ್ಟು ಮಡಿಸಿದ ಟಾಕೊ ಮತ್ತು ಸುತ್ತಿದ ಬುರಿಟೊಗಳು ‘ಮೆಕ್ಸಿಕನ್ ಶೈಲಿಯ ಸ್ಯಾಂಡ್‌ವಿಚ್‌ಗಳು’ ಎಂದು ಅದರಲ್ಲಿತ್ತು. ಅಲ್ಲಿನ ಮಳಿಗೆಯೊಂದರಲ್ಲಿ ಸ್ಯಾಂಡ್‌ವಿಚ್ ಮಾರುವ ಬಗೆಯ ಹೋಟೆಲಿಗೆ ಮಾತ್ರ ಜಾಗ ಎಂದು ಮೊದಲೇ ಬರೆದುಕೊಟ್ಟಿದ್ದರು. ಟಾಕೊ ಅಂಗಡಿ ಬರಲು ಹೊರಟಾಗ ತಕರಾರು ಎದ್ದಿತು. ಗ್ರೀಕರ ಗೀರೊ, ವಿಯೆಟ್ನಾಮಿನ ಬಾನ್ ಮೀ, ನಮ್ಮ ಕಡೆಯ ನಾನ್ ರೋಲ್ ಕೂಡ ಆ ಷರತ್ತಿಗೆ ಒಗ್ಗುತ್ತವೆ ಎಂದು ತೀರ್ಪು ಸೇರಿಸಿತು.

ಇದಕ್ಕೆ ತದ್ವಿರುದ್ಧವಾದ ತೀರ್ಪು 2006ರಲ್ಲೇ ಬಂದಿತ್ತು. ಮ್ಯಾಸಚೂಸೆಟ್ಸ್‌ನಲ್ಲಿ ಪನೇರಾ ಎಂಬ ಬ್ರೆಡ್ ಅಂಗಡಿ, ತಾನಿರುವ ಮಾಲ್‌ನಲ್ಲಿ ಇನ್ನೊಂದು ಸ್ಯಾಂಡ್‌ವಿಚ್ ಅಂಗಡಿ ಬರಬಾರದೆಂಬ ಕರಾರು ಮಾಡಿಕೊಂಡಿತ್ತು. ಬುರಿಟೊ ಮಾರುವ ಕುಡೋಬಾ ಅಲ್ಲಿಗೆ ಬರಲು ಹೊರಟಾಗ ಮಾತು ಕೋರ್ಟಿಗೆ ಹೋಯಿತು. ಸ್ಯಾಂಡ್‌ವಿಚ್ ಎಂದರೆ ಎರಡು ತುಂಡು ಬ್ರೆಡ್, ಬುರಿಟೊಗೆ ಇರುವುದು ಒಂದೇ ಟೋರ್ಟಿಯಾ (ತೆಳು ರೊಟ್ಟಿ), ಹಾಗಾಗಿ ಅದು ಸ್ಯಾಂಡ್‌ವಿಚ್ ಅಲ್ಲ ಎಂದರು ನ್ಯಾಯಾಧೀಶ ಜೆಫ್ರಿ ಲಾಕ್. ನ್ಯೂಯಾರ್ಕ್ ರಾಜ್ಯದ ಮಾರಾಟ ತೆರಿಗೆ ಇಲಾಖೆ ಬುರಿಟೊವನ್ನು ಸ್ಯಾಂಡ್‌ವಿಚ್ ಪಟ್ಟಿಯಲ್ಲೇ ಇಟ್ಟಿದೆ. ಅಮೆರಿಕದ ಕೃಷಿ ಇಲಾಖೆಯದು ನಡುವಿನ ದಾರಿ: ಅದರ ಲೇಬಲ್ ನಿಯಮದಲ್ಲಿ ಬುರಿಟೊ ‘ಸ್ಯಾಂಡ್‌ವಿಚ್‌ನಂಥ’ ತಿನಿಸು.

ಈ ಗದ್ದಲದಲ್ಲಿ ಬಿಟ್ಟುಹೋದ ಮಾತೊಂದಿದೆ. ಮೆಕ್ಸಿಕೋಗೆ ತನ್ನದೇ ಸ್ಯಾಂಡ್‌ವಿಚ್ ಇದೆ, ಅದರ ಹೆಸರು ಟೋರ್ಟಾ. ಟೋರ್ಟಾ ಮತ್ತು ಬುರಿಟೊಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಬೇರೆ ಕಾಣುವುದು ತುಂಡಿನ ಎಣಿಕೆಯಿಂದಲ್ಲ. ಒಳಗಿನ ನೀರಿನಂಶವನ್ನು ಹೊರಗಿನ ಹಿಟ್ಟು ಏನು ಮಾಡುತ್ತದೆ ಎನ್ನುವುದರಿಂದ. ಟೋರ್ಟಾದ ಬ್ರೆಡ್ಡು ಹೀರಿಕೊಳ್ಳುತ್ತದೆ. ಬುರಿಟೊದ ರೊಟ್ಟಿ ಹೀರದೆ ಕಟ್ಟಿಹಾಕುತ್ತದೆ. ಒಳಗೆ ಏನಿಡಬೇಕು, ಯಾವ ಕ್ರಮದಲ್ಲಿ, ಎಷ್ಟು ಹೊತ್ತಿನೊಳಗೆ ತಿನ್ನಬೇಕು ಎನ್ನುವುದೆಲ್ಲ ಇದರ ಮೇಲೇ ನಿಂತಿದೆ.

ಮೊದಲು ಹೆಸರುಗಳು

ಟೋರ್ಟಾ ಎಂಬ ಸ್ಪ್ಯಾನಿಷ್ ಪದಕ್ಕೆ ದೇಶಕ್ಕೊಂದು ಅರ್ಥ. ಅನೇಕ ಕಡೆ ಅದು ಕೇಕು. ಮೆಕ್ಸಿಕೋದಲ್ಲಿ ಮಾತ್ರ ಅಂಗೈ ಉದ್ದದ ಬ್ರೆಡ್ಡನ್ನು ಅಡ್ಡಕ್ಕೆ ಸೀಳಿ, ನಡುವೆ ಹುರುಳಿ, ಮಾಂಸ, ಚೀಸ್, ಬೆಣ್ಣೆ ಹಣ್ಣು ತುಂಬಿದ್ದು. ಕೊಡಗಿನಲ್ಲಿ ಬೆಳೆಯುವ ಬೆಣ್ಣೆ ಹಣ್ಣೇ ಇದು, ಮೆಕ್ಸಿಕೋ ಅದರ ತವರು. ಹುರುಳಿ ಎಂದಾಗ ನಮ್ಮ ಹುರುಳಿಕಾಳಲ್ಲ, ರಾಜ್ಮಾದ ಕುಲದ ಕಾಳು. ಗೊಂದಲ ಬೇಡವೆಂದು ಮುಂದೆ ರಾಜ್ಮಾ ಎಂದೇ ಬರೆಯುತ್ತೇವೆ.

‘ಪುಟ್ಟ ಟೋರ್ಟಾ’ ಎಂಬ ಅರ್ಥದ ಟೋರ್ಟಿಯಾ ಬೇರೆಯೇ ವಸ್ತು, ಅದು ತೆಳು ರೊಟ್ಟಿ. ಮೆಕ್ಕೆಜೋಳದ್ದೂ ಉಂಟು, ಗೋಧಿಯದೂ ಉಂಟು. ಇನ್ನು ‘ಸ್ಯಾಂಡ್‌ವಿಚ್’ ಪದ ಮೆಕ್ಸಿಕೋದವರ ಬಾಯಲ್ಲೂ ಇದೆ, ಆದರೆ ಅದು ಅಚ್ಚಿನಲ್ಲಿ ಬೇಯಿಸಿ ಕತ್ತರಿಸಿದ ಚೌಕ ಬ್ರೆಡ್ಡಿನದಕ್ಕೆ ಮಾತ್ರ. ಮೆಕ್ಸಿಕೋ ನಗರದಲ್ಲಿ 1945ರಲ್ಲಿ ಶುರುವಾದ ಬಿಂಬೊ ಕಂಪನಿಯ ಬ್ರೆಡ್ಡಿನಂಥದ್ದು. ಟೋರ್ಟಾ ಕೇಳಿದವರಿಗೆ ಆ ಚೌಕ ಬ್ರೆಡ್ಡು ಕೊಟ್ಟರೆ ಮಸಾಲೆದೋಸೆ ಕೇಳಿದವರಿಗೆ ಸೆಟ್‌ದೋಸೆ ಕೊಟ್ಟ ಹಾಗೆ.

ಬುರಿಟೊ ಎಂದರೆ ಪುಟ್ಟ ಕತ್ತೆ. ಮೆಕ್ಸಿಕೋ ಕ್ರಾಂತಿಯ ದಿನಗಳಲ್ಲಿ ಗಡಿಯ ಸಿಯುದಾದ್ ಜುವಾರೆಸ್ ಊರಲ್ಲಿ ಒಬ್ಬಾತ ಕತ್ತೆಯ ಮೇಲೆ ಊಟ ಹೇರಿಕೊಂಡು ಬಂದು ಮಾರುತ್ತಿದ್ದ, ಅದರಿಂದ ಈ ಹೆಸರು ಎಂಬ ಕತೆ ಎಲ್ಲೆಡೆ ಓಡಾಡುತ್ತದೆ. ಕತೆ ಚೆನ್ನಾಗಿದೆ, ಕಾಲ ಹೊಂದುವುದಿಲ್ಲ. ಕ್ರಾಂತಿ ಶುರುವಾದದ್ದು 1910ರಲ್ಲಿ. 1895ರಲ್ಲೇ ಅಚ್ಚಾದ ಮೆಕ್ಸಿಕನ್ ಪದಗಳ ನಿಘಂಟಿನಲ್ಲಿ ‘ಬುರಿಟೊ: ಒಳಗೆ ಮಾಂಸವೋ ಮತ್ತೊಂದೋ ಇಟ್ಟು ಸುತ್ತಿದ ಟೋರ್ಟಿಯಾ’ ಎಂಬ ಅರ್ಥ ಇದೆ.

ಉತ್ತರದಲ್ಲಿ ಗೋಧಿಯ ರೊಟ್ಟಿ ಏಕೆ?

ಮೆಕ್ಸಿಕೋದ ಮೂಲ ಧಾನ್ಯ ಮೆಕ್ಕೆಜೋಳ. 16ನೇ ಶತಮಾನದಲ್ಲಿ ಸ್ಪೇನಿನವರು ಗೋಧಿ ತಂದರು. ಸೊನೋರಾ, ಚಿಹುವಾಹುವಾದಂಥ ಒಣ ಉತ್ತರ ಸೀಮೆಯಲ್ಲಿ ನೀರು ಹಾಯಿಸಿ ಚಳಿಗಾಲದಲ್ಲಿ ಗೋಧಿ ಬೆಳೆಯುವುದು ರೂಢಿಯಾಯಿತು, ಅಲ್ಲಿ ರೊಟ್ಟಿಯೂ ಗೋಧಿಯದಾಯಿತು. ಮಧ್ಯ ಮತ್ತು ದಕ್ಷಿಣದಲ್ಲಿ ರೊಟ್ಟಿ ಜೋಳದ್ದಾಗಿಯೇ ಉಳಿದು, ಗೋಧಿ ಬೇಕರಿಯ ಒಲೆ ಸೇರಿ ಬ್ರೆಡ್ಡಾಯಿತು. ಬುರಿಟೊ ಉತ್ತರದ ತಿನಿಸು, ಟೋರ್ಟಾ ರಾಜಧಾನಿಯ ತಿನಿಸು ಎನ್ನುವುದರ ಬೇರು ಇದೇ. ಟೋರ್ಟಾ ಬ್ರೆಡ್ಡನ್ನು ಫ್ರೆಂಚರು ತಂದರು, ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಆಳಿದ 1864–67ರಲ್ಲಿ ಅದು ಹಬ್ಬಿತು ಎಂದು ಜನ ಹೇಳುತ್ತಾರೆ. ಗರಿಗರಿ ಬ್ರೆಡ್ಡಿನ ರೀತಿಯಲ್ಲಿ ಫ್ರೆಂಚ್ ಛಾಯೆ ಇರುವುದು ನಿಜ, ಆದರೆ ಮೆಕ್ಸಿಕೋದಲ್ಲಿ ಗೋಧಿ ಬ್ರೆಡ್ಡು ಅದಕ್ಕೂ 300 ವರ್ಷ ಹಿಂದಿನದು.

ಸೊನೋರಾದ ಗೋಧಿಗೂ ನಮಗೂ ನಂಟಿದೆ. ಕೃಷಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಗಿಡ್ಡ ಗೋಧಿಯ ಪ್ರಯೋಗ ನಡೆಸಿದ್ದು ಅಲ್ಲಿನ ಯಾಕಿ ಕಣಿವೆಯಲ್ಲಿ. 1966ರಲ್ಲಿ ಭಾರತ ಮೆಕ್ಸಿಕೋದಿಂದ 18,000 ಟನ್ ಬಿತ್ತನೆ ಬೀಜ ತರಿಸಿತು. ಅವುಗಳ ಕಾಳು ಕೆಂಪು, ಚಪಾತಿಯ ಬಣ್ಣ ಮಂಕಾಗುತ್ತಿತ್ತು. ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆ ಸೊನೋರಾ-64 ತಳಿಗೆ ವಿಕಿರಣ ಹಾಯಿಸಿ ಹೊಂಬಣ್ಣದ ‘ಶರ್ಬತಿ ಸೊನೋರಾ’ ಮಾಡಿತು.

ಎಲ್ಲವೂ ಅಂಟಿನ ಆಟ

ಗೋಧಿ ಹಿಟ್ಟಿಗೆ ನೀರು ಬಿದ್ದು ನಾದಿದಾಗ ರಬ್ಬರಿನಂಥ ಒಂದು ಅಂಟು ಹುಟ್ಟುತ್ತದೆ. ಅದೇ ಗ್ಲುಟೆನ್. ಕಣಕ ಎಳೆದರೆ ಹರಿಯದೆ ಹಿಗ್ಗುವುದು ಇದರಿಂದ.

ಬ್ರೆಡ್ಡಿನ ಹಿಟ್ಟಿಗೆ ಯೀಸ್ಟ್ ಸೇರುತ್ತದೆ. ಯೀಸ್ಟ್ ಬಿಡುವ ಗಾಳಿಯನ್ನು ಅಂಟು ಬಲೂನಿನಂತೆ ಹಿಡಿದಿಡುತ್ತದೆ, ಒಲೆಯ ಬಿಸಿಗೆ ಆ ಬಲೂನುಗಳು ಗಟ್ಟಿಯಾಗಿ ತೂತುಗಳಾಗುತ್ತವೆ. ಆಗುವುದು ಸ್ಪಂಜು. ಸ್ಪಂಜಿನ ಗುಣವೇ ಹೀರುವುದು. ಬುರಿಟೊದ ಟೋರ್ಟಿಯಾದಲ್ಲಿ ಯೀಸ್ಟ್ ಇಲ್ಲ, ಜಿಡ್ಡು ಧಾರಾಳ. ಜಿಡ್ಡು ಅಂಟಿನ ಎಳೆಗಳನ್ನು ಗಿಡ್ಡ ಮಾಡಿ ಮೆತ್ತಗಾಗಿಸುತ್ತದೆ, ಹಾಗಾಗಿ ಲಟ್ಟಿಸಿದ ಹಿಟ್ಟು ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ, ಬೆಂದ ಮೇಲೂ ಬಟ್ಟೆಯಂತೆ ಮಡಿಯುತ್ತದೆ. ತೂತಿಲ್ಲದ್ದರಿಂದ ಸಾರು ಸುಲಭಕ್ಕೆ ಇಳಿಯುವುದಿಲ್ಲ.

ಮೆಕ್ಕೆಜೋಳದಲ್ಲಿ ಈ ಅಂಟೇ ಇಲ್ಲ. ಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ತೊಳೆದು, ರುಬ್ಬಿದಾಗ ಹಿಟ್ಟು ತಟ್ಟುವ ಹದಕ್ಕೆ ಬರುತ್ತದೆ, ಅಷ್ಟೇ. ನಮ್ಮ ಜೋಳದ ರೊಟ್ಟಿಯನ್ನು ನೆನೆಸಿಕೊಳ್ಳಿ: ಮುರಿದು ಪಲ್ಯಕ್ಕೆ ಅದ್ದಬಹುದು, ಬಿಸಿಯಿದ್ದಾಗ ಸುರುಳಿ ಸುತ್ತಬಹುದು, ಆದರೆ ನಾಲ್ಕೂ ಬದಿ ಒಳಗೆ ಮಡಿಸಿ ಗಂಟು ಕಟ್ಟಲಾಗದು. ಟಾಕೊ ಚಿಕ್ಕದಾಗಿ, ಬಾಯಿ ತೆರೆದೇ ಇರುವುದಕ್ಕೂ ಕಾರಣ ಇದೇ.

ಹಾಗಾದರೆ ಚಪಾತಿಯಲ್ಲಿ ಬುರಿಟೊ ಆಗದೇ? ಸುತ್ತಬಹುದು, ಮೂಲೆಯಲ್ಲಿ ಬಿರಿಯುತ್ತದೆ. ಇಡೀ ಗೋಧಿ ಹಿಟ್ಟಿನ ತೌಡು ಅಂಟಿನ ಎಳೆಗಳನ್ನು ಕತ್ತರಿಸುತ್ತದೆ, ಜಿಡ್ಡೂ ಸಾಲದು. ಮೈದಾದ ಹೋಳಿಗೆ ಕಣಕ ಅಥವಾ ಪರೋಟದ ಹಿಟ್ಟು ಇದಕ್ಕಿಂತ ಹತ್ತಿರದ ನೆಂಟ.

ಟೋರ್ಟಿಯಾದ ಲೆಕ್ಕ ಹೀಗೆ. ಮೈದಾ 500 ಗ್ರಾಂ, ಜಿಡ್ಡು 100 ಗ್ರಾಂ, ಉಪ್ಪು 10 ಗ್ರಾಂ, ಕೈ ತಾಳುವಷ್ಟು ಬಿಸಿಯಾದ ನೀರು ಸುಮಾರು 250 ಮಿ.ಲೀ. ಮೂಲದಲ್ಲಿ ಜಿಡ್ಡೆಂದರೆ ಹಂದಿ ಕೊಬ್ಬು. ವನಸ್ಪತಿ ಅಥವಾ ಗಟ್ಟಿ ತುಪ್ಪದಲ್ಲೂ ಆಗುತ್ತದೆ, ಎಣ್ಣೆಯಲ್ಲಿ ಪದರ ಅಷ್ಟು ಮೃದುವಾಗದು. ಜಿಡ್ಡನ್ನು ಒಣ ಹಿಟ್ಟಿಗೆ ರವೆಯಂತಾಗುವವರೆಗೆ ಉಜ್ಜಿ, ನಂತರ ನೀರು ಹಾಕಿ ಐದಾರು ನಿಮಿಷ ನಾದಿ, 30 ನಿಮಿಷ ಮುಚ್ಚಿಡಿ. ಈ ವಿರಾಮ ತಪ್ಪಿಸಿದರೆ ಲಟ್ಟಿಸಿದಷ್ಟೂ ಕುಗ್ಗುತ್ತದೆ. 8 ಉಂಡೆ ಮಾಡಿ, ಒಂದೊಂದನ್ನೂ 27–28 ಸೆಂ.ಮೀ. ಅಗಲಕ್ಕೆ ಲಟ್ಟಿಸಿ. ಕಾದ ಹೆಂಚಿನ ಮೇಲೆ ಒಂದು ಬದಿ 40 ಸೆಕೆಂಡ್, ಇನ್ನೊಂದು 30. ಚಪಾತಿಯಂತೆ ಒತ್ತಿ ಒತ್ತಿ ಬೇಯಿಸಬೇಡಿ, ನೀರು ಆರಿದರೆ ಹಪ್ಪಳವಾಗುತ್ತದೆ. ತೆಗೆದ ಕೂಡಲೇ ಬಟ್ಟೆಯಲ್ಲಿ ಸುತ್ತಿಡಿ. ಒಳಗಿನ ಹಬೆಯೇ ಅದನ್ನು ಮಡಿಸುವ ಹದಕ್ಕೆ ತರುವುದು.

ಟೋರ್ಟಾ ಕಟ್ಟುವ ಕ್ರಮ

ಬ್ರೆಡ್ಡು ಮುಖ್ಯವಾಗಿ ಎರಡು ಬಗೆ. ಬೊಲಿಯೊ ಎರಡೂ ತುದಿ ಚೂಪಾದ ಕದಿರಿನಾಕಾರ, ಮೇಲೆ ಒಂದು ಉದ್ದ ಸೀಳು, ಹೊರಗೆ ಗರಿಗರಿ. ಟೆಲೆರಾ ಅಗಲ, ಚಪ್ಪಟೆ, ಮೇಲೆ ಎರಡು ಗೆರೆ, ಹೊರಗೂ ಮೆತ್ತಗೆ. ನಮ್ಮ ಬೇಕರಿಯ ಸಿಹಿ ಬನ್ ಇದಕ್ಕೆ ಒಗ್ಗದು, ಪಾವ್ ಬೇಗ ಮುದ್ದೆಯಾಗುತ್ತದೆ. ಗೋವಾ ಕಡೆಯ ಉಂಡೊ ಅಥವಾ ಫ್ರೆಂಚ್ ಲೋಫಿನ ಗೇಣುದ್ದ ತುಂಡು ನಡೆಯುತ್ತದೆ.

ಸುಮಾರು 100 ಗ್ರಾಂ ಬ್ರೆಡ್ಡನ್ನು ಅಡ್ಡಕ್ಕೆ ಸೀಳಿ, ಮೇಲಿನ ಅರ್ಧದ ತಿರುಳನ್ನು ಸ್ವಲ್ಪ ಕಿತ್ತು ತೆಗೆಯಿರಿ. ಹೊಸಬರು ಬಿಡುವ ಹೆಜ್ಜೆ ಇದೇ. ಗುಳಿ ಇಲ್ಲದಿದ್ದರೆ ಕಚ್ಚಿದ ಕಡೆಯಿಂದ ಹೂರಣ ಹಿಂದಕ್ಕೆ ಜಾರಿ ತಟ್ಟೆಗೆ ಬೀಳುತ್ತದೆ. ಸೀಳಿದ ಮುಖಕ್ಕೆ ಬೆಣ್ಣೆ ಸವರಿ ಕಾವಲಿಯ ಮೇಲೆ ಒಂದೆರಡು ನಿಮಿಷ ಹೊಂಬಣ್ಣ ಬರುವಷ್ಟು ಒತ್ತಿ. ಇದು ರುಚಿಗಷ್ಟೇ ಅಲ್ಲ, ಸ್ಪಂಜಿನ ಬಾಯಿ ಮುಚ್ಚುವುದಕ್ಕೆ.

ಕೆಳಗಿನ ಅರ್ಧಕ್ಕೆ ಅರೆದು ಹುರಿದ ರಾಜ್ಮಾ ಎರಡು ಚಮಚ. ಬೇಯಿಸಿದ ಕಾಳು ಎರಡು ಬಟ್ಟಲಿಗೆ ಎರಡು ಚಮಚ ಎಣ್ಣೆ, ಅರ್ಧ ಈರುಳ್ಳಿ, ಉಪ್ಪು. ಮಸೆಯುತ್ತಾ ಹುರಿದರೆ ಸೌಟು ಎಳೆದ ಜಾಗದಲ್ಲಿ ಬಾಣಲೆಯ ತಳ ಒಂದು ಕ್ಷಣ ಕಾಣಬೇಕು. ಅದಕ್ಕಿಂತ ತೆಳುವಾದರೆ ಬ್ರೆಡ್ಡು ಕುಡಿದುಬಿಡುತ್ತದೆ. ಮೇಲಿನ ಅರ್ಧಕ್ಕೆ ಕಾಲು ಭಾಗ ಬೆಣ್ಣೆ ಹಣ್ಣು ಹಿಸುಕಿ ಬಳಿಯಿರಿ. ರಾಜ್ಮಾ ಮತ್ತು ಬೆಣ್ಣೆ ಹಣ್ಣು ಇಲ್ಲಿ ಗಾರೆ ಕೆಲಸ ಮಾಡುತ್ತವೆ: ಜಿಡ್ಡಿನ ಪದರವಾಗಿ ನೀರು ತಡೆಯುತ್ತವೆ, ಹೂರಣ ಜಾರದಂತೆ ಹಿಡಿಯುತ್ತವೆ.

ನಡುವೆ ಬಿಸಿ ಪದಾರ್ಥ 80–100 ಗ್ರಾಂ. ಹೆಚ್ಚು ಚಾಲ್ತಿಯಲ್ಲಿರುವುದು ಮಿಲನೇಸಾ, ಅಂದರೆ ತೆಳುವಾಗಿ ಬಡಿದು ಬ್ರೆಡ್ ಪುಡಿ ಹೊದಿಸಿ ಕರಿದ ಮಾಂಸ. ಅರ್ಧ ಸೆಂ.ಮೀ. ದಪ್ಪದ ಪನೀರಿಗೂ ಇದೇ ಹೊದಿಕೆ ಹಾಕಬಹುದು. ಅದರ ಮೇಲೆ 30 ಗ್ರಾಂ ಚೀಸ್, ಬಿಸಿಗೆ ಕರಗಲೆಂದು. ಟೊಮೆಟೊ ಬಿಲ್ಲೆಗೆ ಉಪ್ಪು ಉದುರಿಸಿ ಐದು ನಿಮಿಷ ಬಿಟ್ಟು, ನೀರು ಬಸಿದು ಇಡಿ. ಆಮೇಲೆ ಈರುಳ್ಳಿ, ವಿನೆಗರಿನಲ್ಲಿ ನೆನೆದ ಹಲಪೆನ್ಯೊ ಮೆಣಸಿನಕಾಯಿ ನಾಲ್ಕೈದು ಚೂರು. ಜಿಡ್ಡು ಇಷ್ಟಿರುವಾಗ ಆ ಹುಳಿ ಇಲ್ಲದಿದ್ದರೆ ಟೋರ್ಟಾ ಮೊಂಡು. ಮುಚ್ಚಿ, ಅಂಗೈಯಿಂದ ಒಮ್ಮೆ ಒತ್ತಿ, 15–20 ನಿಮಿಷದೊಳಗೆ ತಿನ್ನಿ.

ಮುಳುಗಿಸಿದರೂ ಕರಗದ್ದು

ಬ್ರೆಡ್ಡು ಹೀರುತ್ತದೆ, ಆದ್ದರಿಂದ ಒದ್ದೆ ದೂರ ಇಡಿ ಎಂದು ಇಷ್ಟು ಹೇಳಿದ ಮೇಲೆ ಗ್ವಾದಲಹಾರಾ ನಗರದ ಟೋರ್ಟಾ ಅಹೊಗಾದಾ ನಗುತ್ತದೆ. ಹೆಸರಿನ ಅರ್ಥವೇ ‘ಮುಳುಗಿದ ಟೋರ್ಟಾ’. ಕಾರ್ನಿತಾಸ್, ಅಂದರೆ ಕೊಬ್ಬಿನಲ್ಲಿ ನಿಧಾನವಾಗಿ ಬೇಯಿಸಿದ ಹಂದಿ ಮಾಂಸ, ತುಂಬಿದ ಬ್ರೆಡ್ಡನ್ನು ಟೊಮೆಟೊ ಸಾರಿಗೆ ಅದ್ದಿ, ಮೇಲೆ ಚೀಲೆ ದೆ ಆರ್ಬೊಲ್ ಎಂಬ ಸಣ್ಣ ಖಾರದ ಮೆಣಸಿನಕಾಯಿಯ ತೆಳು ಸಾರು ಸುರಿಯುತ್ತಾರೆ. ಪೂರ್ತಿ ಮುಳುಗಿಸಿದ್ದೋ ಅರ್ಧವೋ ಎಂದು ಮೊದಲೇ ಕೇಳುತ್ತಾರೆ, ಮುಳುಗಿಸುವುದೆಂದರೆ ಖಾರದಲ್ಲಿ ಎಂದರ್ಥ. ಅನುಭವವಿಲ್ಲದವರು ಅರ್ಧ ಎನ್ನುವುದು ಕ್ಷೇಮ.

ಇದು ಸಾಧ್ಯವಾಗುವುದು ಬಿರೋಟೆ ಎಂಬ ಬ್ರೆಡ್ಡಿನಿಂದ. ನಿಧಾನವಾಗಿ ಹುಳಿ ಬರಿಸಿದ ಹಿಟ್ಟು, ತುಸು ಹೆಚ್ಚು ಉಪ್ಪು, ದಪ್ಪ ಗಟ್ಟಿ ಸಿಪ್ಪೆ, ಬಿಗಿಯಾದ ತಿರುಳು. ಒಣಗಿರುವಾಗ ಅಂಗುಳ ಕೊರೆಯುವಷ್ಟು ಗಟ್ಟಿ. ಸಾರು ಕುಡಿದ ಮೇಲೂ ಸಿಪ್ಪೆ ನಿಲ್ಲುತ್ತದೆ, ತಿರುಳು ಮಾತ್ರ ಮೆತ್ತಗಾಗುತ್ತದೆ. ಟೆಲೆರಾದಲ್ಲಿ ಇದನ್ನೇ ಮಾಡಿದರೆ ಎರಡು ನಿಮಿಷದಲ್ಲಿ ಗಂಜಿ.

ಪಂಬಾಸೊ ಎಂಬ ಟೋರ್ಟಾ ಬೇರೆ ಉಪಾಯ ಹೂಡುತ್ತದೆ. ಬ್ರೆಡ್ಡನ್ನು ಗ್ವಾಹಿಯೊ ಮೆಣಸಿನಕಾಯಿಯ ಕೆಂಪು ಸಾರಿಗೆ ಅದ್ದಿ ತಕ್ಷಣ ಎಣ್ಣೆಯಲ್ಲಿ ಬಾಡಿಸುತ್ತಾರೆ, ಹೊರಮೈ ಮುಚ್ಚಿಕೊಳ್ಳುತ್ತದೆ. ಒಳಗೆ ಆಲೂಗಡ್ಡೆ ಮತ್ತು ಚೊರಿಸೊ ಎಂಬ ಮಸಾಲೆ ಸಾಸೇಜು. ಗ್ವಾಹಿಯೊ ಬಣ್ಣ ಜಾಸ್ತಿ, ಖಾರ ಕಡಿಮೆ; ನಮ್ಮಲ್ಲಿ ಆ ಸ್ಥಾನಕ್ಕೆ ಬ್ಯಾಡಗಿಯೇ ಸರಿ. ಪುಯೆಬ್ಲಾ ಊರಿನ ಸೆಮಿತಾ ಎಂಬ ಟೋರ್ಟಾ ಎಳ್ಳು ಮೆತ್ತಿದ ದುಂಡು ಬ್ರೆಡ್ಡಿನದು, ಅದರ ಗುರುತು ಪಾಪಲೊ ಎಂಬ ಘಾಟು ಸೊಪ್ಪು.

ಬುರಿಟೊ: ಜುವಾರೆಸ್‌ನದು ಬೇರೆ, ಸ್ಯಾನ್ ಫ್ರಾನ್ಸಿಸ್ಕೊದ್ದು ಬೇರೆ

ಅಮೆರಿಕದ ಕನ್ನಡಿಗರು ಬುರಿಟೊ ಎಂದಾಗ ಕಣ್ಣಿಗೆ ಬರುವುದು ಬೆಳ್ಳಿ ಹಾಳೆ ಸುತ್ತಿದ, ಎರಡು ಕೈ ಬೇಡುವ ದಿಂಡು. ಅದು ಮೆಕ್ಸಿಕೋದ ಹಳೆಯ ರೂಪವಲ್ಲ. ಜುವಾರೆಸ್, ವಿಯಾ ಅಹುಮಾದಾ ಕಡೆಯ ಬುರಿಟೊ ತೆಳ್ಳಗೆ, ಸುಮಾರು 20 ಸೆಂ.ಮೀ. ರೊಟ್ಟಿಯಲ್ಲಿ 80–100 ಗ್ರಾಂ ಹೂರಣ, ಅದೂ ಒಂದೇ ಬಗೆ: ಬಿಡಿಸಿದ ಮಾಂಸ, ಕೆಂಪು ಮೆಣಸಿನಕಾಯಿ ಗೊಜ್ಜು, ಇಲ್ಲವೇ ರಾಜ್ಮಾ ಮತ್ತು ಚೀಸ್. ಅನ್ನ ಹಾಕುವುದಿಲ್ಲ. ಎಷ್ಟೋ ಸಲ ತುದಿಯನ್ನೂ ಮಡಿಸುವುದಿಲ್ಲ, ಸುಮ್ಮನೆ ಸುತ್ತುತ್ತಾರೆ. ಸೊನೋರಾದಲ್ಲಿ ‘ಸೊಬಾಕೆರಾ’ ಎಂಬ ಭಾರಿ ತೆಳು ರೊಟ್ಟಿ ಉಂಟು. ಕಂಕುಳವರೆಗೂ ಬರುವಷ್ಟು ತೋಳಿನ ಮೇಲೆ ಹಿಗ್ಗಿಸುವುದರಿಂದ ಆ ಹೆಸರು, ರುಮಾಲಿ ರೊಟ್ಟಿಯ ಸೊಬಗು ಅದಕ್ಕೆ.

ಅನ್ನ, ರಾಜ್ಮಾ, ಮಾಂಸ, ಸಾಲ್ಸಾ (ಟೊಮೆಟೊ, ಮೆಣಸಿನಕಾಯಿಯ ನೀರುಚಟ್ನಿ), ಕ್ರೀಮು ಎಲ್ಲ ಒಂದರಲ್ಲೇ ತುರುಕಿದ ದೊಡ್ಡ ಬುರಿಟೊ ಸ್ಯಾನ್ ಫ್ರಾನ್ಸಿಸ್ಕೊದ ಮಿಷನ್ ಬಡಾವಣೆಯಲ್ಲಿ 1960ರ ದಶಕದಲ್ಲಿ ರೂಪುಗೊಂಡಿತು. 1961ರಲ್ಲಿ ತಾನೇ ಮೊದಲು ಮಾರಿದ್ದು ಎಂದು ಎಲ್ ಫಾರೊ ಅಂಗಡಿ ಹೇಳುತ್ತದೆ, ಲಾ ಕುಂಬ್ರೆ 1969ರ ಲೆಕ್ಕ ಹೇಳುತ್ತದೆ. ರೊಟ್ಟಿಯನ್ನು ಹಬೆಯಲ್ಲಿ ಮೆತ್ತಗಾಗಿಸುವುದು, ಅಲ್ಯೂಮಿನಿಯಂ ಹಾಳೆ ಸುತ್ತುವುದು ಈ ಶೈಲಿಯ ಗುರುತು. ಸ್ಯಾನ್ ಡಿಯೇಗೊದವರು ಅನ್ನದ ಬದಲು ಫ್ರೆಂಚ್ ಫ್ರೈ ಹಾಕಿದರು. 1993ರಲ್ಲಿ ಡೆನ್ವರ್‌ನಲ್ಲಿ ಶುರುವಾದ ಚಿಪೋಟ್ಲೆ ಮಿಷನ್ ಮಾದರಿಯನ್ನು ದೇಶದುದ್ದಕ್ಕೂ ಒಯ್ದಿತು.

ಅನ್ನ ಸುಮ್ಮನೆ ಹೊಟ್ಟೆ ತುಂಬಿಸುವುದಕ್ಕೆ ಬಂದದ್ದಲ್ಲ. ರೊಟ್ಟಿ ಹೀರುವುದಿಲ್ಲವಾದ್ದರಿಂದ ಸಾಲ್ಸಾದ ನೀರನ್ನು ಯಾರಾದರೂ ಹಿಡಿಯಬೇಕು. ಟೋರ್ಟಾದಲ್ಲಿ ಬ್ರೆಡ್ಡಿನ ತಿರುಳು ಮಾಡುವ ಕೆಲಸವನ್ನು ಇಲ್ಲಿ ಅನ್ನ ಮಾಡುತ್ತದೆ. ಅನ್ನವಿಲ್ಲದ ಜುವಾರೆಸ್ ಬುರಿಟೊದ ಗೊಜ್ಜು ಅದಕ್ಕೇ ಗಟ್ಟಿ.

ಮಡಿಸುವುದು, ಒಡೆಯುವುದು

28 ಸೆಂ.ಮೀ. ರೊಟ್ಟಿಗೆ ಒಟ್ಟು ಹೂರಣ 200–220 ಗ್ರಾಂ ಮೀರಬಾರದು. ರೊಟ್ಟಿಯನ್ನು ಹೆಂಚಿನ ಮೇಲೆ ಒಂದೊಂದು ಬದಿಗೆ 15 ಸೆಕೆಂಡ್ ಬಿಸಿ ಮಾಡಿ. ನಡುವಿಗಿಂತ ತುಸು ನಿಮ್ಮ ಕಡೆಗೆ ಹೂರಣವನ್ನು ಅಡ್ಡ ಸಾಲಾಗಿ ಇಡಿ, ಎಡಬಲ ಐದು ಸೆಂ.ಮೀ. ಖಾಲಿ ಬಿಡಿ. ಅನ್ನ ಕೆಳಗೆ, ಅದರ ಮೇಲೆ ರಾಜ್ಮಾ, ಆಮೇಲೆ ಸಾಲ್ಸಾ. ಎರಡೂ ಬದಿ ಒಳಗೆ ಮಡಿಸಿ, ಅವನ್ನು ಬೆರಳಲ್ಲಿ ಹಿಡಿದುಕೊಂಡೇ ಹತ್ತಿರದ ಅಂಚನ್ನು ಹೂರಣದ ಮೇಲೆ ಎಳೆದು, ಹಿಂದಕ್ಕೆ ಜಗ್ಗಿ ಬಿಗಿಮಾಡಿ, ಮುಂದಕ್ಕೆ ಸುತ್ತಿ. ಹಾಸಿಗೆ ಸುರುಳಿ ಕಟ್ಟುವಾಗ ಮಂಡಿಯೂರಿ ಒತ್ತುತ್ತೇವಲ್ಲ, ಆ ಬಿಗಿ ಬೇಕು. ಸೇರಿಕೆ ಕೆಳಗಾಗುವಂತೆ ಕಾವಲಿಯ ಮೇಲೆ ಒಂದು ನಿಮಿಷ ಇಟ್ಟರೆ ಅಂಟಿಕೊಳ್ಳುತ್ತದೆ.

ಬದಿಯಲ್ಲಿ ಒಡೆದರೆ ಹೂರಣ ಹೆಚ್ಚಾಗಿದೆ. ಮಡಿಕೆಯಲ್ಲೇ ಬಿರಿದರೆ ರೊಟ್ಟಿ ತಣ್ಣಗಿತ್ತು ಅಥವಾ ಹೆಚ್ಚು ಬೆಂದಿತ್ತು. ತಳ ನೆನೆದು ಹರಿದರೆ ಸಾಲ್ಸಾ ರೊಟ್ಟಿಗೇ ತಾಗಿದೆ. ಒಂದು ತುತ್ತು ಬರೀ ಅನ್ನ, ಇನ್ನೊಂದು ಬರೀ ಚೀಸ್ ಆದರೆ ಹೂರಣವನ್ನು ಗುಡ್ಡೆಗುಡ್ಡೆಯಾಗಿ ಇಟ್ಟಿದ್ದೀರಿ, ಉದ್ದಕ್ಕೆ ಹರಡಿಲ್ಲ.

ಗಡಿಯಲ್ಲಿ ನಿಂತವು

ಮ್ಯಾಸಚೂಸೆಟ್ಸ್ ಲೆಕ್ಕದಂತೆ ಎರಡು ತುಂಡು ಇದ್ದರೆ ಸ್ಯಾಂಡ್‌ವಿಚ್ ಎನ್ನುವುದಾದರೆ ಸಿಂಕ್ರೊನಿಸಾದಾ ಏನು? ಎರಡು ಗೋಧಿ ಟೋರ್ಟಿಯಾಗಳ ನಡುವೆ ಹ್ಯಾಮ್, ಚೀಸ್ ಇಟ್ಟು ಕಾಯಿಸಿದ್ದು ಅದು. ಮೆಕ್ಸಿಕೋದಲ್ಲಿ ಅದನ್ನು ಯಾರೂ ಟೋರ್ಟಾ ಎನ್ನುವುದಿಲ್ಲ, ಅಲ್ಲಿ ಬ್ರೆಡ್ಡಿಲ್ಲ. ಇನ್ನೊಂದು ತುದಿಯಲ್ಲಿ ಮೆಕ್ಸಿಕೋ ನಗರದ ಬೆಳಗಿನ ತಿಂಡಿ ಗ್ವಾಹೊಲೊತಾ: ಮೆಕ್ಕೆಜೋಳದ ಹಿಟ್ಟನ್ನು ಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಿದ ತಮಾಲ್ ಅನ್ನು ಇಡಿಯಾಗಿ ಬೊಲಿಯೊ ಒಳಗಿಟ್ಟದ್ದು, ಜೊತೆಗೆ ಅತೋಲೆ ಎಂಬ ಜೋಳದ ಗಂಜಿ. ಹಿಟ್ಟಿನೊಳಗೆ ಹಿಟ್ಟು. ಬನ್ನಿನೊಳಗೆ ನಿಪ್ಪಟ್ಟು ಇಟ್ಟು ಮಾರುವ ಬೆಂಗಳೂರಿಗರಿಗೆ ಇದು ವಿಚಿತ್ರ ಅನ್ನಿಸಬಾರದು. ಬ್ರೆಡ್ಡು ಇರುವುದರಿಂದ ಅದು ನಿಸ್ಸಂದೇಹವಾಗಿ ಟೋರ್ಟಾ.

ಡಬ್ಬಿಗೆ ಯಾವುದು, ಕೇಳಬೇಕಾದ್ದೇನು

ಊಟದ ಡಬ್ಬಿಗೆ ಬುರಿಟೊ ಸರಿ. ಹಾಳೆ ಸುತ್ತಿಟ್ಟರೆ ಒಂದು ಗಂಟೆಯಾದರೂ ರೊಟ್ಟಿ ಹಬೆಯಲ್ಲೇ ಮೆತ್ತಗಿರುತ್ತದೆ. ಮತ್ತೆ ಬಿಸಿ ಮಾಡುವಾಗ ಮೈಕ್ರೋವೇವ್ ಆದರೆ ಹಾಳೆ ತೆಗೆದು, ಒದ್ದೆ ಕಾಗದ ಸುತ್ತಿ. ಟೋರ್ಟಾ ಒಯ್ಯಲೇಬೇಕಿದ್ದರೆ ಬ್ರೆಡ್ಡು, ಹೂರಣ, ಟೊಮೆಟೊ ಬೇರೆ ಬೇರೆ ಕಟ್ಟಿಕೊಂಡು ತಿನ್ನುವಾಗ ಸೇರಿಸಿ.

ಸಸ್ಯಾಹಾರಿಗಳಿಗೆ ಹೊರಗಿನ ಮಾಂಸಕ್ಕಿಂತ ಒಳಗಿನ ಜಿಡ್ಡು ತೊಡಕು. ‘ಬೀನ್ ಬುರಿಟೊ’ ಎಂದು ಬರೆದಿದ್ದರೂ ರೊಟ್ಟಿಯಲ್ಲಿ, ಅರೆದು ಹುರಿದ ರಾಜ್ಮಾದಲ್ಲಿ ಹಂದಿ ಕೊಬ್ಬು ಇರಬಹುದು. ಕೆಂಪು ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸಿರಬಹುದು. ಮೂರನ್ನೂ ಬೇರೆ ಬೇರೆಯಾಗಿಯೇ ಕೇಳಿ. ಸ್ಪ್ಯಾನಿಷ್‌ನಲ್ಲಾದರೆ ‘ಯೆವಾ ಮಾಂತೇಕಾ?’ ಎನ್ನಿ. ಮಾಂತೇಕಾ ಎಂದರೆ ಅಲ್ಲಿ ಹಂದಿ ಕೊಬ್ಬು. ‘ಮಾಂತೇಕಿಯಾ’ ಎಂದು ಉತ್ತರ ಬಂದರೆ ಗಾಬರಿ ಬೇಡ, ಅದು ಬೆಣ್ಣೆ.